ಜೀವಕೋಶದ ನೀರಗಂಟಿ

ಬೆಂಗಳೂರಿನ ದಕ್ಷಿಣ ದಿಕ್ಕಿನ ಪುಟ್ಟೇನಹಳ್ಳಿ ಕೆರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಜಯಪ್ರಕಾಶ ನಗರದ ಬಡಾವಣೆಗಳು ಸುತ್ತುಗಟ್ಟಿದ ಮೇಲೆಯೂ, 2010ರಲ್ಲಿ ನೆರೆಯ ನಿವಾಸಿಗಳೇ ಟ್ರಸ್ಟೊಂದನ್ನು ಕಟ್ಟಿ ಜೀರ್ಣೋದ್ಧಾರಕ್ಕೆ ನಿಂತುದರಿಂದ ಅದು ಇನ್ನೂ ಕೆರೆಯೆನಿಸಿಕೊಂಡಿದೆ. ನಮ್ಮ ಹಿರಿಯರು ಕೆರೆಗೆ ಏರಿ, ತೂಬು, ಕೋಡಿಗಳನ್ನು ಕಟ್ಟಿದುದಲ್ಲದೆ ನೀರಗಂಟಿಯೆಂಬ ಒಬ್ಬನನ್ನೂ ನೇಮಿಸುತ್ತಿದ್ದರು. ಎಷ್ಟು ನೀರು ನಿಲ್ಲಬೇಕು, ಎಷ್ಟು ಗದ್ದೆಗೆ ಹರಿಯಬೇಕು ಎಂಬುದನ್ನು ನೋಡಿ ತೂಬನ್ನು ತೆರೆದು ಮುಚ್ಚುವುದು ಅವನ ಕರ್ತವ್ಯ. ಇಂತಹ ನೀರಗಂಟಿಯೊಬ್ಬನು ನಮ್ಮ ದೇಹದ ಜೀವಕೋಶಗಳಲ್ಲಿಯೂ ಇದ್ದಾನೆ. ಅವನು ಕಾಯುವುದು ನೀರನ್ನಲ್ಲ, ಕಬ್ಬಿಣವನ್ನು.

ಇದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ಯಾರೂ ಭಾವಿಸಬಾರದು. ಬಳ್ಳಾರಿಯ ಬೆಟ್ಟಗಳಲ್ಲಿ ಅದಿರು ತುಂಬಿರುವ, 1923ರಲ್ಲಿಯೇ ಭದ್ರಾವತಿಯಲ್ಲಿ ಕುಲುಮೆ ಹೊತ್ತಿಸಿದ ನಾಡು ನಮ್ಮದು. ಆ ನಾಡಿನಲ್ಲಿಯೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8 ಮಂದಿಯನ್ನು ರಕ್ತಹೀನರೆಂದು ಎಣಿಸಿತು. ಅದಕ್ಕೆ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ ಶೇಕಡ 44.8 ಇತ್ತು. ನಡುವೆ, 2018ರಲ್ಲಿ, ರಕ್ತಹೀನತೆಯನ್ನು ನೀಗಿಸುವ ಅಖಿಲ ಭಾರತ ಕಾರ್ಯಕ್ರಮವೂ ಆರಂಭವಾಗಿತ್ತು, ಗುಳಿಗೆಗಳೂ ಹಂಚಲ್ಪಟ್ಟಿದ್ದುವು. ಹೀಗಿದ್ದೂ ಸಂಖ್ಯೆ ಏರಿದುದೇಕೆ?

ಕಬ್ಬಿಣವು ವಿಚಿತ್ರವಾದ ಧಾತು. ಅದಿಲ್ಲದೆ ರಕ್ತವು ಪ್ರಾಣವಾಯುವನ್ನು ಹೊರಲಾರದು. ಅಂಕೆಯಿಲ್ಲದೆ ಅಲೆದರೆ ಅದೇ ಜೀವಕೋಶವನ್ನು ಒಳಗಿನಿಂದ ಸುಡುವುದು. ಪ್ರಾಪ್ತವಯಸ್ಕನ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ 3ರಿಂದ 4 ಗ್ರಾಂ. ದಿನವೊಂದಕ್ಕೆ ಕರುಳಿನಿಂದ ಒಳಸೇರುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಆದರೆ ಹೆಚ್ಚಾದುದನ್ನು ಬೇಕೆಂದು ಹೊರಗೆ ಹಾಕುವ ಮಾರ್ಗವು ದೇಹಕ್ಕಿಲ್ಲ. ಈ ಕೆರೆಗೆ ಕೋಡಿಯೇ ಇಲ್ಲ. ಆದಕಾರಣ ಬಂದುದನ್ನು ಭದ್ರವಾದ ಉಗ್ರಾಣದಲ್ಲಿಡುವುದು ಅವಶ್ಯಕವಾಯಿತು. ಆ ಉಗ್ರಾಣಕ್ಕೆ ಫೆರಿಟಿನ್ ಎಂದು ಹೆಸರು. 1937ರಲ್ಲಿ ಚೆಕ್ ವಿಜ್ಞಾನಿ ವಿಲೆಮ್ ಲೌಫ್‌ಬೆರ್ಗರ್ ಅವರು ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದರು. 24 ಪ್ರೋಟೀನ್ ತುಣುಕುಗಳು ಕೂಡಿ ಆದ ಒಂದು ಟೊಳ್ಳು ಗುಂಡು ಅದು. ಅದರ ಹೊಟ್ಟೆಯಲ್ಲಿ ಸುಮಾರು 4,500 ಕಬ್ಬಿಣದ ಅಣುಗಳು ಹಿಡಿಯುತ್ತವೆ.

ಎಷ್ಟು ಉಗ್ರಾಣಗಳು ಬೇಕೆಂದು ಜೀವಕೋಶವು ತಿಳಿಯುವುದು ಹೇಗೆ? ಕಬ್ಬಿಣ ಬಂದಾಗಲೆಲ್ಲ ಕೋಶಕೇಂದ್ರದಿಂದ ಹೊಸ ಆಜ್ಞೆ ಹೊರಡಬೇಕೆಂದು ನಾವು ಊಹಿಸುವುದು ಸಹಜ. ಹ್ಯಾಮಿಶ್ ಮನ್ರೋ ಅವರೂ ಅವರ ಸಹೋದ್ಯೋಗಿಗಳೂ 1976ರಲ್ಲಿ ಇಲಿಯ ಯಕೃತ್ತಿನಲ್ಲಿ ತೋರಿಸಿಕೊಟ್ಟುದು ಬೇರೆಯ ಸಂಗತಿ. ಫೆರಿಟಿನ್ ಕಟ್ಟುವ ಆಜ್ಞೆಯನ್ನು ಹೊತ್ತ ಆರ್.ಎನ್.ಎ. ಓಲೆಗಳು ಮೊದಲೇ ಬರೆದು ಸಿದ್ಧವಾಗಿ ಕೋಶದಲ್ಲಿ ಕುಳಿತಿರುತ್ತವೆ. ಕಬ್ಬಿಣ ಬಂದೊಡನೆ ಅವು ಜಾರಿಯಾಗುತ್ತವೆ. ಹುಕುಂ ಬರೆದು, ರುಜು ಹಾಕಿ, ತಡೆಹಿಡಿದಿಟ್ಟಂತೆ.

ತಡೆಹಿಡಿಯುವವರಾರೆಂಬುದು 1987ರ ಸುಮಾರಿಗೆ ಬೆಳಕಿಗೆ ಬಂದಿತು. ಓಲೆಯ ತಲೆಯ ಭಾಗದಲ್ಲಿ ಮೂವತ್ತರಷ್ಟು ಅಕ್ಷರಗಳು ಹೇರ್‌ಪಿನ್ನಿನಂತೆ ಮಡಿಸಿಕೊಂಡಿವೆ. ಕಬ್ಬಿಣದ ಕೊರತೆಯಿರುವಾಗ ಒಂದು ಪ್ರೋಟೀನು ಬಂದು ಈ ಮಡಿಕೆಯನ್ನು ಕಚ್ಚಿ ಹಿಡಿಯುತ್ತದೆ. ಇದೇ ನಮ್ಮ ನೀರಗಂಟಿ. ಅದು ಹಿಡಿದಿರುವವರೆಗೂ ರೈಬೋಸೋಮೆಂಬ ಕಾರ್ಖಾನೆಯು ಓಲೆಯನ್ನು ಓದಲಾರದು, ಉಗ್ರಾಣವೂ ಏಳದು. ಕಬ್ಬಿಣವು ಸಮೃದ್ಧಿಯಾದಾಗ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಅಣುಗಳ ಗೊಂಚಲೊಂದು ಈ ಪ್ರೋಟೀನಿನೊಳಗೆ ಕೂಡುತ್ತದೆ. ಅದು ಓಲೆಯನ್ನು ಬಿಟ್ಟುಬಿಡುತ್ತದೆ. ಬಿಟ್ಟು ಸುಮ್ಮನಿರುವುದೂ ಇಲ್ಲ. ಅಕೊನಿಟೇಸ್ ಎಂಬ ಕಿಣ್ವವಾಗಿ ಸಿಟ್ರೇಟನ್ನು ಐಸೋಸಿಟ್ರೇಟಾಗಿ ಮಾರ್ಪಡಿಸುವ ಕೆಲಸಕ್ಕೆ ತೊಡಗುತ್ತದೆ. (ಕೆಲಸ ತೀರಿದ ಹುದ್ದೆಗೆ ಮರುದಿನವೇ ಮತ್ತೊಂದು ಕೆಲಸ ಹಚ್ಚುವ ಈ ವಿದ್ಯೆ ನಮ್ಮ ಕಚೇರಿಗಳಿಗೆ ಇನ್ನೂ ಬಂದಿಲ್ಲ.) ಇದರ ಸೋದರ ಪ್ರೋಟೀನು ಮಾತ್ರ ಕಬ್ಬಿಣ ಹೆಚ್ಚಿದಾಗ ನಾಶಹೊಂದುತ್ತದೆ.

ಕಬ್ಬಿಣವನ್ನು ಕೋಶದೊಳಕ್ಕೆ ಬರಮಾಡಿಕೊಳ್ಳುವ ಬಾಗಿಲಿನ ಓಲೆಯಲ್ಲಿಯೂ ಇಂತಹವೇ ಐದು ಮಡಿಕೆಗಳಿವೆ. ಆದರೆ ತಲೆಯಲ್ಲಲ್ಲ, ಬಾಲದಲ್ಲಿ. ಅಲ್ಲಿ ಅದೇ ನೀರಗಂಟಿಯು ಹಿಡಿದರೆ ಓಲೆಯು ನಾಶವಾಗದೆ ಉಳಿಯುತ್ತದೆ, ಬಾಗಿಲುಗಳು ಹೆಚ್ಚುತ್ತವೆ. ಬರಗಾಲದಲ್ಲಿ ಬಾಗಿಲು ತೆರೆ, ಉಗ್ರಾಣ ಕಟ್ಟಬೇಡ. ಸುಭಿಕ್ಷದಲ್ಲಿ ಉಗ್ರಾಣ ಕಟ್ಟು, ಬಾಗಿಲು ಕಿರಿದುಮಾಡು. ಒಂದೇ ಕೈಯಿಂದ ಎರಡು ಕಾರ್ಯ.

ಆ ಮಡಿಕೆಯ ಒಂದಕ್ಷರ ತಪ್ಪಿದರೂ ಸಾಕು, ನೀರಗಂಟಿಯ ಹಿಡಿತ ಸಡಿಲುತ್ತದೆ. 1995ರಲ್ಲಿ ಇಟಲಿ, ಫ್ರಾನ್ಸುಗಳ ಕೆಲವು ಕುಟುಂಬಗಳಲ್ಲಿ ಇದು ಗೋಚರವಾಯಿತು. ಅವರ ರಕ್ತದಲ್ಲಿ ಫೆರಿಟಿನ್ ವಿಪರೀತ, ಕಬ್ಬಿಣವೋ ಹೆಚ್ಚಿಲ್ಲ. ಎಳೆಯ ವಯಸ್ಸಿನಲ್ಲಿಯೇ ಕಣ್ಣಿಗೆ ಪೊರೆ. ಫೆರಿಟಿನ್ ಅಂಕಿಯೊಂದನ್ನೇ ನಂಬಿ ಕಬ್ಬಿಣ ಹೆಚ್ಚಾಯಿತೆಂದು ರಕ್ತ ತೆಗೆದರೆ ಇಂತಹವರಿಗೆ ರಕ್ತಹೀನತೆಯುಂಟಾಗುತ್ತದೆ.

ನಮ್ಮ ಪ್ರಕೃತ ವಿಷಯಕ್ಕೆ ಬರೋಣ. ಆ ಎರಡು ಕುಟುಂಬ ಸಮೀಕ್ಷೆಗಳೂ ಅಳೆದುದು ಬೆರಳ ತುದಿಯ ರಕ್ತದ ಹಿಮೋಗ್ಲೋಬಿನನ್ನು. ಇದು ಗದ್ದೆಯ ಪೈರನ್ನು ನೋಡಿದಂತೆಯೇ ಹೊರತು ಕೆರೆಯ ನೀರನ್ನು ನೋಡಿದಂತಲ್ಲ. ಪೈರು ಬಾಡಲು ಬೇರೆ ಕಾರಣಗಳೂ ಉಂಟು. 2016-18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯು ರಕ್ತನಾಳದ ರಕ್ತವನ್ನು ತೆಗೆದು, ಫೆರಿಟಿನನ್ನೂ ಅಳೆಯಿತು. 1ರಿಂದ 4 ವಯಸ್ಸಿನ ಮಕ್ಕಳಲ್ಲಿ ರಕ್ತಹೀನತೆ ಶೇಕಡ 41, ಕಬ್ಬಿಣದ ಕೊರತೆ ಶೇಕಡ 32 ಎಂದು ಕಂಡಿತು. ಬಹುಮಟ್ಟಿಗೆ ಅದೇ ವಯಸ್ಸಿನವರಲ್ಲಿ ಕುಟುಂಬ ಸಮೀಕ್ಷೆಯು 2015-16ರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ರಕ್ತಹೀನರೆಂದಿತ್ತು.

ಪುಟ್ಟೇನಹಳ್ಳಿಯಿಂದ ಕೆಲವೇ ಮೈಲಿ ದೂರದ ಕೋರಮಂಗಲದ ಸೇಂಟ್ ಜಾನ್ಸ್ ಸಂಸ್ಥೆಯ ಡಾಕ್ಟರ್ ಅನುರಾ ಕುರ್ಪಾಡರು ಈ ಪ್ರಶ್ನೆಯನ್ನು ಕೈಬಿಡಲಿಲ್ಲ. ಅವರೂ ಸಹೋದ್ಯೋಗಿಗಳೂ ಆ ಸಮೀಕ್ಷೆಯ ಮಕ್ಕಳಲ್ಲಿ ಕಬ್ಬಿಣ ಮೊದಲಾದುವುಗಳ ಕೊರತೆಯಿಲ್ಲದ ಆರೋಗ್ಯವಂತರನ್ನು ಆರಿಸಿ, ನಮ್ಮ ಮಕ್ಕಳಿಗೆ ತಕ್ಕ ಹಿಮೋಗ್ಲೋಬಿನ್ ಗೆರೆಯೆಷ್ಟೆಂದು 2021ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯಂತೆ 1ರಿಂದ 19 ವಯಸ್ಸಿನವರಲ್ಲಿ ಶೇಕಡ 30 ಇದ್ದ ರಕ್ತಹೀನತೆಯು ಈ ಗೆರೆಯಂತೆ ಶೇಕಡ 10.8ಕ್ಕೆ ಇಳಿಯಿತು. ಇದನ್ನು ಎಲ್ಲರೂ ಒಪ್ಪಿಲ್ಲ. ಒಪ್ಪಬೇಕೆಂದು ನಾವೂ ಹೇಳುವುದಿಲ್ಲ. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಗರ್ಭಿಣಿಯರು ಬಿಡತಕ್ಕದ್ದೆಂಬುದೂ ನಮ್ಮ ಅಭಿಪ್ರಾಯವಲ್ಲ.

ನಾವು ಆಗ್ರಹಪಡಿಸುವುದಿಷ್ಟೆ: ಗುಳಿಗೆಗಳ ಲೆಕ್ಕದ ಪಕ್ಕದಲ್ಲಿ ಉಗ್ರಾಣದ ಲೆಕ್ಕವೂ ಸರ್ಕಾರದ ಕಡತದಲ್ಲಿರಲಿ. ಅದನ್ನು ತೆಗೆಯುವಾಗಲೂ ಎಚ್ಚರ ಬೇಕು. ಜ್ವರ, ಉರಿಯೂತಗಳಿರುವವರಲ್ಲಿ ಕಬ್ಬಿಣವಿಲ್ಲದೆಯೂ ಫೆರಿಟಿನ್ ಏರುತ್ತದೆ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಾಪ್ತವಯಸ್ಕರಿಗೆ ಲೀಟರಿಗೆ 15 ಮೈಕ್ರೋಗ್ರಾಂ ಎಂದಿಟ್ಟ ಕೊರತೆಯ ಗೆರೆಯನ್ನು, ಸೋಂಕಿರುವವರಿಗೆ 70ಕ್ಕೆ ಏರಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಫೆರಿಟಿನ್ ಪರೀಕ್ಷೆ ನಡೆಸುವವರು ಉರಿಯೂತದ ಪರೀಕ್ಷೆಯನ್ನೂ ಜೊತೆಗೇ ನಡೆಸಬೇಕು. ಎರಡಕ್ಕೂ ಬೇಕಾದುದು ಒಂದೇ ಸಲ ತೆಗೆದ ರಕ್ತ.