ತಿಳಿದ ಕಥೆ ಮತ್ತು ರಂಗವೈಭವ

ಪರಿಚಿತ ಕಥೆಯ ಕೊರತೆಯನ್ನು ರಂಗವೈಭವವು ತುಂಬಬಲ್ಲುದೇ ಎಂಬ ಪ್ರಶ್ನೆಯೊಳಗೆ, ಪರಿಚಿತತೆಯೇ ಕೊರತೆಯೆಂಬ ಗ್ರಹಿಕೆ ಅಡಗಿದೆ. ಹೊಳನಗದ್ದೆಯನ್ನೊಳಗೊಂಡ ಕುಮಟಾ-ಹೊನ್ನಾವರ ಸೀಮೆಯ ಬಡಗುತಿಟ್ಟು ಯಕ್ಷಗಾನವು ಇದನ್ನು ಒಪ್ಪುವುದಿಲ್ಲ. ಗುಬ್ಬಿ ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನು ರಂಗಕ್ಕೆ ತಂದಿತು. 1934ರಲ್ಲಿ ಸ್ಥಾಪನೆಗೊಂಡ ಇಡಗುಂಜಿ ಮೇಳದ ಕೆರೆಮನೆ ಶಿವರಾಮ ಹೆಗಡೆಯವರು ದೃಶ್ಯಪರದೆಗಳಿಲ್ಲದೆಯೇ ಕೌರವನನ್ನು ಕಟ್ಟಿಕೊಟ್ಟರು. ಯಕ್ಷಗಾನದಲ್ಲೂ ಕಿರೀಟ, ಚೆಂಡೆ, ಕುಣಿತಗಳ ವೈಭವವಿದೆ. ಆದರೆ ಅಲ್ಲಿ ಪದ್ಯ ನಿಶ್ಚಿತ, ಅರ್ಥ ಆಶು. ಭೀಮನ ಗದೆ ತೊಡೆಗೆ ಬೀಳುವುದು ಪ್ರೇಕ್ಷಕನಿಗೆ ಗೊತ್ತು; ಅದಕ್ಕೆ ಮುನ್ನ ಈ ರಾತ್ರಿಯ ಕೌರವ ಏನನ್ನು ವಾದಿಸುವನೆಂಬುದು ಗೊತ್ತಿಲ್ಲ. ಆನೆಯ ಬೆರಗು ಎರಡನೆಯ ನೋಟಕ್ಕೆ ಇಳಿಯುತ್ತದೆ. ಅರ್ಥದ ಕುತೂಹಲ ಇಳಿಯದು. ಆದ್ದರಿಂದ ಕಾಲಮಿತಿಯ ಪ್ರಯೋಗಗಳಲ್ಲಿ ಕುಣಿತವನ್ನು ಉಳಿಸಿ ಮಾತನ್ನು ಕತ್ತರಿಸಿದರೆ, ಕಥೆ ನಿಜಕ್ಕೂ ಹಳೆಯದಾಗುತ್ತದೆ.