ಕಾಳಿಗೊಂದು ಕಲ್ಲು

ತೀರಿಕೊಂಡ ಪ್ರೀತಿಪಾತ್ರರ ಬದುಕನ್ನು ಬರೆದಿಡುವ ರೂಢಿ ನಮ್ಮಲ್ಲಿ ಮೊದಲು ಬೇರೂರಿದ್ದು ಕಲ್ಲಿನ ಮೇಲೆ. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು, ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ನಿಸಿದಿಗಲ್ಲು. ಎಷ್ಟೋ ಕಲ್ಲುಗಳಲ್ಲಿ ಹೆಸರು, ಊರು, ಸತ್ತ ಬಗೆ, ಅಷ್ಟೇ ಇರುತ್ತದೆ. ಕೆಲವು ಮಾತ್ರ ಕತೆಯನ್ನೇ ಹೇಳುತ್ತವೆ.

ಅವುಗಳಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕಾಲ ಕ್ರಿ.ಶ. 949ರ ಆಸುಪಾಸು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದಿದ್ದ. ಆ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ, ಮೆಚ್ಚಿದೆ, ಬೇಕಾದ್ದು ಕೇಳು ಎಂದು ಒಡೆಯ ಹೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ಕಾದಾಡಿ ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದರ ಮೇಲ್ಭಾಗದಲ್ಲಿ ನಾಯಿ ಹಂದಿಯೊಡನೆ ಸೆಣಸುತ್ತಿದೆ. ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನೂ ಬಿಟ್ಟ. ಗುಡಿಯ ಪೂಜಾರಿಯಾದ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಕೆತ್ತಿಸಿದ. ತಾನು ಹೋದಮೇಲೆ ಕಾಳಿಯನ್ನು ನೆನೆಯುವವರು ಯಾರು ಎಂಬ ಸಂಕಟ ಆ ಒಂದು ಮಾತಿನಲ್ಲಿ ಕಾಣುತ್ತದೆ. ಇಡೀ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದೇ.

ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜ ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮಿಗೂ ಶ್ರವಣಬೆಳಗೊಳದಲ್ಲಿ ನಿಸಿದಿ ಮಾಡಿಸಿದ. ನಮ್ಮ ಕಾಲದಲ್ಲಿ ಪೂರ್ಣಚಂದ್ರ ತೇಜಸ್ವಿ ತಂದೆ ಕುವೆಂಪು ಕುರಿತು ‘ಅಣ್ಣನ ನೆನಪು’ ಬರೆದರು. ತೇಜಸ್ವಿ ಹೋದಮೇಲೆ ಅವರ ಹೆಂಡತಿ ರಾಜೇಶ್ವರಿಯವರು ‘ನನ್ನ ತೇಜಸ್ವಿ’ ಬರೆದರು. ಕಲ್ಲು ಹೋಗಿ ಕಾಗದ ಬಂತು, ಬರೆಯುವವರು ಮನೆಯವರೇ.

ಆದರೆ ವೈಕುಂಠ ಸಮಾರಾಧನೆಯ ದಿನ ಕೈಗೆ ಬರುವ ಕಿರುಹೊತ್ತಗೆಗಳನ್ನು ಓದುವಾಗ ನನಗೆ ಬೇಸರವಾಗುತ್ತದೆ. ಸರಳ ಸಜ್ಜನರು, ಸ್ನೇಹಜೀವಿಗಳು ಎಂದು ಪುಟ ತುಂಬಿರುತ್ತದೆ. ಆ ಜೀವ ಎಲ್ಲಿ ಏನು ಮಾಡಿತು ಎಂಬುದು ಮಾತ್ರ ಸಿಗುವುದಿಲ್ಲ. ಮಣಲೇರ ತನ್ನ ನಾಯಿಗೆ ಕೊಟ್ಟ ಮರ್ಯಾದೆಯನ್ನು ನಾವು ನಮ್ಮ ಹಿರಿಯರಿಗೆ ಕೊಡುತ್ತಿಲ್ಲ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅಪ್ಪನ ಬಗ್ಗೆಯೋ ಅಜ್ಜಿಯ ಬಗ್ಗೆಯೋ ಬರೆಯಲು ಕೂತವರು ಆ ಶಾಸನವನ್ನು ಒಮ್ಮೆ ಓದಿ. ಊರಿನ ಹೆಸರು, ಜಾಗದ ಗುರುತು, ಅಲ್ಲಿ ನಡೆದ ಸಂಗತಿ, ಇವನ್ನು ಮೊದಲು ಬರೆಯಿರಿ. ಹೊಗಳಿಕೆ ಆಮೇಲೆ.