ಫಲಕದ ಮೇಲೆ ಶೇಂಗಾದ ಹೆಸರೂ ಇರಲಿ

ಓಬಳಾಪುರದ ಆಸುಪಾಸಿನಲ್ಲಿ, ರಾಯದುರ್ಗ-ಮಡಕಶಿರಾ ಸೀಮೆಯಲ್ಲಿ, ಶೇಂಗಾ ಇಲ್ಲದ ಅಡುಗೆಮನೆಯನ್ನು ಕಾಣುವುದು ಅಪರೂಪ. ಮಳೆಯನ್ನೇ ನಂಬಿದ ಕೆಂಪು ನೆಲಕ್ಕೆ ಈ ಬೆಳೆ ಹೇಗೆ ಆಧಾರವೋ, ನಮ್ಮ ಚಟ್ನಿ, ಚಿತ್ರಾನ್ನ, ಮಂಡಕ್ಕಿ ಒಗ್ಗರಣೆ, ಎಣ್ಣೆಗಾಯಿಗಳಿಗೂ ಹಾಗೆಯೇ. 2020ರಲ್ಲಿ ಆಂಧ್ರದ ಸರಕಾರಿ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಶೇಂಗಾ ಚಿಕ್ಕಿಯೂ ಸೇರಿತು. ಮಕ್ಕಳ ಮೈಗೆ ಪುಷ್ಟಿ ನೀಡುವ ಈ ಕಾಳನ್ನು ನಾವು ದೂರುವವರಲ್ಲ.

ಆದರೆ ಕೆಲವರ ಶರೀರವು ಇದೇ ಕಾಳಿನ ಪ್ರೋಟೀನನ್ನು ಶತ್ರುವೆಂದು ಬಗೆದು ಕೆರಳುತ್ತದೆ. ಇದನ್ನೇ ವೈದ್ಯರು ಅಲರ್ಜಿ ಎನ್ನುತ್ತಾರೆ. ದದ್ದು ಏಳಬಹುದು, ತುಟಿ ಊದಬಹುದು; ಉಸಿರು ಕಟ್ಟಿ ರಕ್ತದೊತ್ತಡ ಕುಸಿದರೆ ಪ್ರಾಣಕ್ಕೇ ಸಂಚಕಾರ. ಆಗ ಎಪಿನೆಫ್ರಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಕಾಳನ್ನು ಹುರಿದರೂ ದೋಷ ನೀಗದು. ಗಾಣದ ಎಣ್ಣೆಯಲ್ಲಿಯೂ ಅದರ ಅಂಶ ಉಳಿದಿರಬಹುದು.

ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರ್ 13ರಿಂದ ಹೋಟೆಲುಗಳೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಗಿರಾಕಿಗಳಿಗೆ ಒದಗಿಸಬೇಕಾಗಿದೆ. ನಮ್ಮ ದೇಶದ 2020ರ ಆಹಾರ ಲೇಬಲಿಂಗ್ ನಿಯಮಗಳು ಎಂಟು ಗುಂಪುಗಳನ್ನು ಹೆಸರಿಸಿವೆ: ಗೋಧಿಯಂಥ ಗ್ಲುಟೆನ್ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ-ಗೋಡಂಬಿಯಂಥವು, ಸೋಯಾ, ಸಲ್ಫೈಟ್. ಯುರೋಪಿನ ಪಟ್ಟಿಯಲ್ಲಿರುವ ಎಳ್ಳು ಇದರಲ್ಲಿಲ್ಲ. ಕೇಂದ್ರ ಪರವಾನಗಿ ಪಡೆದ ಅಥವಾ 10ಕ್ಕಿಂತ ಕಡಿಮೆಯಿಲ್ಲದಷ್ಟು ಶಾಖೆಗಳಿರುವ ಹೋಟೆಲುಗಳಿಗೆ ತಿಂಡಿಪಟ್ಟಿಯ ಕಟ್ಟಳೆ ಅನ್ವಯಿಸುತ್ತದೆ. ನಮ್ಮೂರ ಚಿಕ್ಕ ಹೋಟೆಲು ಅದರ ಹೊರಗೇ ಉಳಿಯಿತು.

ಭಾಷೆಯ ಮಾತೂ ಉಂಟು. ಪೊಟ್ಟಣದ ವಿವರಗಳಿಗೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕೆಂಬುದು ಕಾನೂನು. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಕನ್ನಡದಲ್ಲಿ ಓದುವ ಗಡಿನಾಡಿನ ತಾಯಿಗೆ ಆ ಸಣ್ಣಕ್ಷರಗಳಿಂದ ಏನು ಪ್ರಯೋಜನ?

ಇದಕ್ಕೆ ಕಾನೂನಿಗಾಗಿ ಕಾಯಬೇಕಾಗಿಲ್ಲ. ಗಲ್ಲೆಯ ಬಳಿ ಒಂದು ಕರಿಹಲಗೆ ಸಾಕು. ಯಾವ ತಿಂಡಿಯಲ್ಲಿ ಶೇಂಗಾ, ಎಳ್ಳು, ಹಾಲು, ಗೋಧಿ ಇವೆಯೆಂದು ತೆಲುಗು-ಕನ್ನಡ ಎರಡರಲ್ಲಿಯೂ ಸುಣ್ಣದ ಕಡ್ಡಿಯಿಂದ ಬರೆಯಬಹುದು. ಬೆರಕೆ ಇಂಗಿನಲ್ಲಿ ಗೋಧಿ ಹಿಟ್ಟು ಇರುವುದುಂಟು. ಆಗ ಸಾರಿನ ಹೆಸರೂ ಅಲ್ಲಿ ಬರಬೇಕು. ಚಟ್ನಿಯ ಸೌಟನ್ನು ಪಲ್ಯಕ್ಕೆ ಹಾಕಬಾರದು. ಕೇಳಿದವರಿಗೆ "ಏನೂ ಆಗೋದಿಲ್ಲ, ತಿನ್ನಿರಿ" ಎನ್ನುವ ಬದಲು ಅಡುಗೆಯವರನ್ನು ವಿಚಾರಿಸಿ ಹೇಳಬೇಕು. ತಂದೆತಾಯಿಗಳೂ ಮಗುವಿಗೆ ಒಗ್ಗದ ಪದಾರ್ಥವನ್ನು ಶಾಲೆಗೆ ಬರೆದು ತಿಳಿಸಲಿ.

ಅನ್ನವಿಕ್ಕುವುದು ಪುಣ್ಯವೆಂದು ನಂಬಿದವರು ನಾವು. ಇಕ್ಕುವ ಅನ್ನದಲ್ಲಿ ಏನಿದೆಯೆಂದು ಹೇಳುವುದೂ ಆ ಪುಣ್ಯದ ಭಾಗವೇ.